ಜಾರ್ಜಿಯಾದಲ್ಲಿ ಸಿಕ್ಕ ನಮ್ಮ ಹಗೇವು

ಜಾರ್ಜಿಯಾ ಅಂದರೆ ಅಮೆರಿಕದ ರಾಜ್ಯ ಅಂತಲೇ ತಿಳಿದಿದ್ದೆ. ಕಪ್ಪು ಸಮುದ್ರದ ದಡದಲ್ಲಿ ಅದೇ ಹೆಸರಿನ ದೇಶವೂ ಇದೆ. ಕಡಿಮೆ ದರಕ್ಕೆ ಟಿಕೆಟ್ ಸಿಕ್ಕಿತೆಂದು ಒಬ್ಬನೇ ಬ್ಯಾಗು ಹೊತ್ತು ಹೋದೆ.

ರಾಜಧಾನಿ ಟಿಬಿಲಿಸಿಯ ಬೋರ್ಡುಗಳಲ್ಲಿ ಅಕ್ಷರಗಳು ಗುಂಡಗೆ, ದೂರದಿಂದ ಕನ್ನಡದ ಹಾಗೇ ಕಂಡವು. ಹತ್ತಿರ ಹೋದರೆ ಒಂದೂ ಓದಲು ಬರಲಿಲ್ಲ. ಅವರವು 33 ಅಕ್ಷರ.

ಕಖೇತಿ ಎಂಬುದು ದ್ರಾಕ್ಷಿ ತೋಟಗಳ ಸೀಮೆ. ಅಲ್ಲಿನ ಒಂದು ಹಳ್ಳಿಯಲ್ಲಿ ಸಂಜೆಯ ಕೊನೆಯ ಮಿನಿಬಸ್ ತಪ್ಪಿತು. ಎದೆ ಧಸಕ್ಕೆಂದಿತು. ಅಜ್ಜಿಯೊಬ್ಬರು ಕೈಸನ್ನೆ ಮಾಡಿ ಮನೆಗೆ ಕರೆದರು. ಖಾಚಾಪುರಿ ಕೊಟ್ಟರು, ಒಳಗೆ ಚೀಸ್ ತುಂಬಿದ ಬಿಸಿ ರೊಟ್ಟಿ. ಆಮೇಲೆ ಹಿಂದಿನ ಕೋಣೆ ತೋರಿಸಿದರು. ಅಲ್ಲಿ ಬಾಯಿಮಟ್ಟ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಗುಡಾಣಗಳು. ಹೆಸರು ಕ್ವೆವ್ರಿ. ದ್ರಾಕ್ಷಿ ರಸವನ್ನು ಸಿಪ್ಪೆ, ಬೀಜದ ಸಮೇತ ಸುರಿದು ಮುಚ್ಚಿ ತಿಂಗಳುಗಟ್ಟಲೆ ಬಿಟ್ಟರೆ ವೈನ್ ಆಗುತ್ತದೆ. ಹದ ಕಾಯುವುದು ನೆಲದ ತಂಪು. 2013ರಲ್ಲಿ ಈ ಪದ್ಧತಿ ಯುನೆಸ್ಕೊ ಪಟ್ಟಿ ಸೇರಿದೆ.

ನನಗೆ ನಮ್ಮ ಮನೆ ಮುಂದಿನ ಜೋಳದ ಹಗೇವು ನೆನಪಾಯಿತು. ಬೈಕ್ ನಿಲ್ಲಿಸಲು ಜಾಗ ಬೇಕೆಂದು ಅದಕ್ಕೆ ಮಣ್ಣು ತುಂಬಿಸಿದವನು ನಾನೇ. ಅವತ್ತು ಅಜ್ಜ ಉಂಡಿರಲಿಲ್ಲ.

ಊರಿಗೆ ಬಂದು ಅಜ್ಜನಿಗೆ ಫೋಟೊ ತೋರಿಸಿದೆ. ಮೊಬೈಲ್ ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಇದರಾಗ ಜ್ವಾಳ ಎಷ್ಟು ಚೀಲ ಹಿಡಿತಾವೋ?" ಅಂದ.