ಅಮ್ಮ ಕಳೆ ಅಂದ ಗಿಡ

ಹಿರಿಯೂರು ದಾಟಿ ಚಳ್ಳಕೆರೆ ರಸ್ತೆ ಹಿಡಿದರೆ ಹಳದಿ ಶುರು. ಫೋನಿನಿಂದ ಒಮ್ಮೆ ತಲೆ ಎತ್ತಿ ನೋಡಿ: ಕಲ್ಲುಗುಡ್ಡದ ಬುಡ, ಬೀಳುಬಿಟ್ಟ ಹೊಲದ ಬದು, ಎಲ್ಲೆಲ್ಲೂ ಆವರಿಕೆ ಹೂ. ತಂಗಡಿ ಅಂತಲೂ ಅಂತಾರೆ. ಪಕ್ಕದ ತೆಲಂಗಾಣದಲ್ಲಿ ಇದು ರಾಜ್ಯಪುಷ್ಪ, ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು. ಹಿಂದೆ ಇದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ನಮ್ಮೂರಲ್ಲಿ ಮಾತ್ರ ಬರೀ ಕಳೆ!

ಚಳ್ಳಕೆರೆ ಅಂದರೆ ಶೇಂಗಾ, ಎಣ್ಣೆ ಮಿಲ್ಲು, ಕುರಿ, ಕಂಬಳಿ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಸೀಮೆ. ಇಂಥಲ್ಲೂ ಅಮ್ಮ ಮನೆ ಮುಂದೆ ಗುಲಾಬಿ, ಮಲ್ಲಿಗೆ ಬೆಳೆಸಿದ್ದಳು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಆಗ ಬೆಂಗಳೂರಲ್ಲೂ ಅದೇ ಕಥೆ, ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ. ಬಾಲ್ಕನಿಯ ಕುಂಡಗಳು ಒಣಗಿದ್ದಕ್ಕೆ ನನಗೆ ಅಷ್ಟೇನೂ ಅನ್ನಿಸಿರಲಿಲ್ಲ. ಊರಿಗೆ ಹೋದಾಗ ಅಮ್ಮ ಅಕ್ಕಿ ತೊಳೆದ ನೀರು ಹಿಡಿದು, ಯಾವ ಗಿಡಕ್ಕೆ ಹಾಕೋದು ಅಂತ ತೋಚದೆ ನಿಂತಿದ್ದು ನೋಡಿ ಕರುಳು ಚುರುಕ್ ಎಂದಿತು.

ಗೇಟಿನಾಚೆ ಆವರಿಕೆ ಹೂ ಬಿಟ್ಟು ನಿಂತಿತ್ತು. ಅಮ್ಮನೇ ವರ್ಷವರ್ಷ ಕಡಿಸುತ್ತಿದ್ದ ಗಿಡ.

"ಅದಕ್ಕೆ ಯಾರು ನೀರು ಹಾಕ್ತಾರೆ ಹೇಳು?" ಅಂದಳು, ಸಿಟ್ಟಲ್ಲೇ.

ನಾನು ಉತ್ಸಾಹದಲ್ಲಿ ಒಂದು ಗಿಡ ಅಗೆದು ಒಳಗೆ ನೆಟ್ಟೆ. ವಾರದಲ್ಲೇ ಸತ್ತಿತು. ಆಳಕ್ಕಿಳಿಯುವ ತಾಯಿಬೇರನ್ನೇ ಕಡಿದಿದ್ದೆ. ಕುರಿ ಕಾಯುವ ತಾತ ನಕ್ಕು, "ಕಿತ್ತು ನೆಟ್ರೆ ಬರಲ್ಲಪ್ಪ, ಬೀಜ ಹಾಕು" ಅಂದ್ರು.

ಒಣಗಿದ ಕಾಯಿ ಬಿಡಿಸಿ ಬೀಜ ತೆಗೆದೆ. ಸಿಪ್ಪೆ ಗಟ್ಟಿ, ಹಾಗಾಗಿ ಬಿಸಿನೀರು ಹುಯ್ದು ಒಂದು ರಾತ್ರಿ ನೆನೆಸಿಟ್ಟೆ. ಮೊದಲ ಮಳೆಗೆ ಕಾಂಪೌಂಡ್ ಉದ್ದಕ್ಕೂ, ಗಿಡ ಎಲ್ಲಿ ಇರಬೇಕೋ ಅಲ್ಲೇ ಊರಿದೆ. ಮೊದಲ ಕೆಲವು ತಿಂಗಳು ಅಷ್ಟಿಷ್ಟು ನೀರು, ಆಮೇಲೆ ಆಕಾಶವೇ ಗತಿ. ಪ್ರೀತಿ ಜಾಸ್ತಿಯಾಗಿ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತೆ. ಬಿಸಿಲು ಮಾತ್ರ ಪೂರ್ತಿ ಬೇಕು, ಅಪಾರ್ಟ್‌ಮೆಂಟಿನ ನೆರಳು ಬಾಲ್ಕನಿಗೆ ಆಗಿಬರಲ್ಲ. ಹೂ ಮುಗಿದ ಮೇಲೆ ತುದಿ ಕತ್ತರಿಸಿದರೆ ಒತ್ತಾದ ಬೇಲಿಯಾಗುತ್ತದೆ. ಎಲೆ ಮೇಲೆ ಹಸಿರು ಹುಳ ಕಂಡರೆ ಔಷಧಿ ಹೊಡೀಬೇಡಿ, ನಾಳೆ ಅದೇ ತಿಳಿಹಳದಿ ಚಿಟ್ಟೆಯಾಗಬಹುದು.

ಈಗ ಗೇಟಿನ ಎರಡೂ ಬದಿ ಸೊಂಟದೆತ್ತರದ ಹಳದಿ. ಮೊನ್ನೆ ಫೋನಿನಲ್ಲಿ ಅಮ್ಮ, "ಇವತ್ತು ದೇವರಿಗೆ ಅದೇ ಹೂವು ಕಣೋ" ಅಂದಳು. ಒಣಗಿದ ಗುಲಾಬಿಯ ಪಾತಿ ಮಾತ್ರ ಹಾಗೇ ಇದೆ. ಅಲ್ಲೂ ಆವರಿಕೆ ಹಾಕೋಣ ಅಂದರೆ ಬಿಲ್‌ಕುಲ್ ಒಪ್ಪಲ್ಲ.