ಅಮ್ಮನ ಹಸಿವು

ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ ದಿನವೂ ಎಲೆಯ ತುದಿಗೆ ಬೀಳುತ್ತಿತ್ತು. ಬಡಿಸುತ್ತಿದ್ದವರು ನಮ್ಮ ತಂದೆ, ಬಡಿಸಿಕೊಳ್ಳುತ್ತಿದ್ದವಳು ನಮ್ಮಮ್ಮ. ನಾನೂ ಅಣ್ಣನೂ ನಗುತ್ತಿದ್ದೆವು. ಅಮ್ಮನೂ ನಗುತ್ತಿದ್ದಳು. ಆದ್ದರಿಂದ ಆ ಗಾದೆ ಯಾರಿಗಾದರೂ ನೋವುಂಟುಮಾಡಬಹುದೆಂದು ನಮಗೆ ಹೊಳೆಯಲೇ ಇಲ್ಲ.

ನಮ್ಮಮ್ಮ ಒಬ್ಬಟ್ಟು ಮಾಡಿ ಮಾರುತ್ತಾಳೆ. ಬೀದಿಯಲ್ಲಿ ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ಹಿಂದಿನ ದಿನವೇ ನಮ್ಮ ಮನೆಯಲ್ಲಿ ಬೇಳೆ ಬೇಯಬೇಕು. ದಿನವೆಲ್ಲ ಹೂರಣದ ಮುಂದೆ ಕುಳಿತವಳಿಗೆ ತಿನ್ನಬೇಡವೆಂದು ಉಪದೇಶಿಸುವುದೆಂದರೆ ಕೆರೆಯಲ್ಲಿ ನಿಂತವನಿಗೆ ಕಾಲು ನೆನೆಸಬೇಡವೆಂದ ಹಾಗೆ. ಐದಡಿ ಎತ್ತರದ ಆಕೆ 2025ರ ಜೂನ್ ತಿಂಗಳಲ್ಲಿ 96 ಕಿಲೋ ತೂಗುತ್ತಿದ್ದಳು. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಮಂಡಿನೋವಿನಿಂದ ಮೂರು ಮೆಟ್ಟಿಲಿಗೊಮ್ಮೆ ಗೋಡೆಗೆ ಕೈಯೂರಿ ನಿಲ್ಲುತ್ತಿದ್ದಳು. ಪಥ್ಯ ಮಾಡಲಿಲ್ಲವೆಂದಲ್ಲ. ಬೆಳಿಗ್ಗೆ ಮೆಂತ್ಯದ ನೀರು, ರಾತ್ರಿ ಎರಡೇ ಚಪಾತಿ, ಸಂಜೆ ಇದೇ ನಮ್ಮ ಕಾಲೇಜಿನ ಮೈದಾನದಲ್ಲಿ ನಾಲ್ಕು ಸುತ್ತು, ಎಲ್ಲವೂ ಆಗಿತ್ತು. ಯುಗಾದಿಗೆ ನಾಲ್ಕು ಕಿಲೋ ಹೋದರೆ ಗೌರಿಹಬ್ಬಕ್ಕೆ ಐದು ಬರುತ್ತಿತ್ತು.

ಕಡೆಗೆ ವೈದ್ಯರು ವಾರಕ್ಕೊಂದು ಚುಚ್ಚುಮದ್ದು ಬರೆದುಕೊಟ್ಟರು. ಹೆಸರು ಟಿರ್ಜೆಪಟೈಡ್. ನಾವು ಉಂಡಾಗ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಟು 'ಇನ್ನು ಸಾಕು' ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಈ ದೂತನ ಆಯುಸ್ಸು ರಕ್ತದಲ್ಲಿ ಎರಡೇ ನಿಮಿಷ. ಅಮೆರಿಕದ ಮರುಭೂಮಿಯಲ್ಲಿರುವ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಇದೇ ಕೆಲಸವನ್ನು ಇನ್ನೂ ಹೆಚ್ಚು ಹೊತ್ತು ಮಾಡುವ ವಸ್ತುವಿದೆಯೆಂದು ಜಾನ್ ಎಂಗ್ ಎಂಬ ವಿಜ್ಞಾನಿ 1992ರಲ್ಲಿ ತೋರಿಸಿಕೊಟ್ಟರು. ಅದರಿಂದ ಬಂದ ಸಕ್ಕರೆ ಕಾಯಿಲೆಯ ಔಷಧಿಗೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ವಾರಕ್ಕೊಮ್ಮೆ ಸಾಕೆನಿಸುವ ಈಗಿನ ಮದ್ದುಗಳು ಆ ದಾರಿಯಲ್ಲೇ ಮುಂದೆ ಬಂದವು. ಇವುಗಳನ್ನು ಹಲ್ಲಿಯಿಂದ ತೆಗೆಯುವುದಿಲ್ಲ. ಆದರೂ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ಪಂಚಾಂಗ ತೆಗೆಯುವ ನಮ್ಮಮ್ಮನಿಗೆ ನಾನು ಈ ಕಥೆ ಹೇಳಿಲ್ಲ. ಈ ಸಂಚಿಕೆಯನ್ನು ಮನೆಗೆ ಒಯ್ಯುವುದೂ ಅನುಮಾನವೇ.

2025ರ ಮಾರ್ಚಿನಲ್ಲಿ ಮೌಂಜಾರೊ ಎಂಬ ಹೆಸರಿನಿಂದ ಈ ಮದ್ದು ಭಾರತಕ್ಕೆ ಬಂದಾಗ 2.5 ಮಿಲಿಗ್ರಾಮಿನ ಒಂದು ಸೀಸೆಗೆ 3,500 ರೂಪಾಯಿ, 5 ಮಿಲಿಗ್ರಾಮಿನದಕ್ಕೆ 4,375. ಅಮ್ಮ ಒಡನೆಯೇ ಲೆಕ್ಕ ಹಾಕಿದಳು: ಒಬ್ಬಟ್ಟಿಗೆ 20 ರೂಪಾಯಿಯಂತೆ ಚಿಕ್ಕ ಸೀಸೆಗೆ 175 ಒಬ್ಬಟ್ಟು. "ಅಷ್ಟು ಒಬ್ಬಟ್ಟು ತಟ್ಟಿದರೆ ತೂಕ ತಾನೇ ಇಳಿಯುತ್ತೆ ಬಿಡೋ" ಎಂದಳು. ಬೆಂಗಳೂರಿನಲ್ಲಿದ್ದ ಅಣ್ಣ, ದುಡ್ಡು ತಾನು ಕಳಿಸುವುದಾಗಿ ಹಠ ಹಿಡಿದ.

ಚುಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಸೀಸೆಯಿಂದ ಅರ್ಧ ಮಿಲಿಲೀಟರು ಎಳೆದು, ಹೊಕ್ಕುಳಿನಿಂದ ಎರಡಂಗುಲ ಬಿಟ್ಟು ಹಿಡಿದೆ. ನನ್ನ ಕೈ ನಡುಗುತ್ತಿತ್ತು. "ಅಷ್ಟು ದೊಡ್ಡ ಹೊಟ್ಟೆ, ಗುರಿ ತಪ್ಪೋಲ್ಲ, ಚುಚ್ಚೋ" ಎಂದು ಅಮ್ಮನೇ ಧೈರ್ಯ ಹೇಳಿದಳು. ಎರಡನೆಯ ವಾರ ವಾಂತಿ ಶುರುವಾಯಿತು. ಬೆಲ್ಲದ ಪಾಕದ ವಾಸನೆ ಬಂದರೆ ಸಾಕು, ಸೆರಗು ಮೂಗಿಗೆ ಹೋಗುತ್ತಿತ್ತು. ಹೂರಣದ ರುಚಿ ನೋಡಲು ಪಕ್ಕದ ಮನೆಯ ಅಜ್ಜಿಯನ್ನು ಕರೆಯಬೇಕಾಯಿತು. ಆ ತಿಂಗಳು ಊರಿನವರು ತಿಂದ ಒಬ್ಬಟ್ಟೆಲ್ಲ ಅಜ್ಜಿಯ ನಾಲಿಗೆಯ ಹದ.

ಮೂರನೆಯ ವಾರದ ಒಂದು ರಾತ್ರಿ. ಅಮ್ಮ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಸುಮ್ಮನೆ ಕುಳಿತಿದ್ದಳು. ಮತ್ತೆ ವಾಂತಿಯೇನೋ ಎಂದು ನಾನು ಎದ್ದೆ. ಅವಳು ನನ್ನನ್ನೂ ತಂದೆಯನ್ನೂ ನೋಡಿ ಕೇಳಿದಳು: "ನಿಮಗೆಲ್ಲ ಯಾವಾಗಲೂ ಹಸಿವು ಇಷ್ಟೇ ಇತ್ತೇನೋ?"

ನಮಗೆ ಅರ್ಥವಾಗಲಿಲ್ಲ. "ಉಂಡು ಕೈ ತೊಳೆದ ಮೇಲೂ ತಲೆಯೊಳಗೆ ಯಾರೋ 'ಇನ್ನೊಂದು, ಇನ್ನೊಂದು' ಅಂತಲೇ ಇರೋರು ಕಣೋ. ನಿದ್ದೇಲೂ ಬಿಡ್ತಿರಲಿಲ್ಲ. ಎಲ್ಲರಿಗೂ ಹಾಗೇ ಇರುತ್ತೆ, ನೀವೆಲ್ಲ ತಡಕೊಳ್ತೀರಿ, ನನ್ನ ಕೈಲಿ ಮಾತ್ರ ಆಗೋಲ್ಲ ಅಂದ್ಕೊಂಡಿದ್ದೆ. ಈಗ ಅವರು ಸುಮ್ಮನಾಗಿದ್ದಾರೆ."

ತಂದೆಯ ಕೈ ತಟ್ಟೆಯ ಮೇಲೆಯೇ ನಿಂತಿತು. ಆ ರಾತ್ರಿಯ ಮೇಲೆ ನಮ್ಮ ಮನೆಯಲ್ಲಿ ಆ ಗಾದೆಯನ್ನು ಯಾರೂ ಎತ್ತಿಲ್ಲ. ಐವತ್ತು ವರ್ಷ ಅವಳು ಹೊತ್ತ ಹಸಿವನ್ನು ನಾವು ಚಪಲವೆಂದು ಕರೆದಿದ್ದೆವು.

ಈ ಸುದ್ದಿ ಹೇಗೋ ಕಾಲೇಜಿಗೂ ಬಂತು. ಸಹಪಾಠಿಯೊಬ್ಬ (ಹೆಸರು ಹೇಳಲಾರೆ, ಅವನೂ ಈ ಪತ್ರಿಕೆಯ ಓದುಗ) ಅಕ್ಕನ ಮದುವೆಯ ಫೋಟೋಗಳಿಗೆ ಮುನ್ನ ಸ್ವಲ್ಪ ಕರಗಬೇಕೆಂದು ಒಂದು ಸೀಸೆ ಬೇಡಿದ. ಅವನ ತೂಕ 72 ಕಿಲೋ. ವೈದ್ಯರ ಚೀಟಿಯಿಲ್ಲದೆ ಮುಟ್ಟುವ ಮದ್ದಲ್ಲ. ಕೆಲವರಿಗೆ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಮೇದೋಜೀರಕಾಂಗ ಊದಿಕೊಳ್ಳಬಹುದು, ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ ಎಂದು ನಮಗೆ ಹೇಳಿದ್ದನ್ನೆಲ್ಲ ಅವನಿಗೆ ಒಪ್ಪಿಸಿದೆ. "ನಿಮ್ಮಮ್ಮನಿಗಾದರೆ ಆಗುತ್ತದೋ?" ಎಂದ. "ನಿನ್ನ ತಲೆಯೊಳಗೆ ಯಾರಾದರೂ ಮಾತಾಡುತ್ತಾರೆಯೇ?" ಎಂದು ಕೇಳಿದೆ. ಅವನು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡು ಎರಡು ವಾರ ನನ್ನೊಡನೆ ಮಾತು ಬಿಟ್ಟ.

ನವೆಂಬರಿನ ಹೊತ್ತಿಗೆ ಅಮ್ಮ 87 ಕಿಲೋಗೆ ಇಳಿದಿದ್ದಳು. ಮೆಟ್ಟಿಲನ್ನು ಗೋಡೆಯ ಹಂಗಿಲ್ಲದೆ ಹತ್ತುತ್ತಿದ್ದಳು. ಇಪ್ಪತ್ತು ಚುಚ್ಚುಗಳಾಗಿದ್ದವು, ಎಂಬತ್ತು ಸಾವಿರದ ಹತ್ತಿರ ಖರ್ಚಾಗಿತ್ತು. ಆಗಲೇ ಅಣ್ಣನ ಕೆಲಸ ಹೋಯಿತು. ಅಮ್ಮ ಯಾರನ್ನೂ ಕೇಳಲಿಲ್ಲ. ಭಾನುವಾರ ನಾನು ಕೈ ತೊಳೆದು ಬಂದರೆ ಸೀಸೆಯಿಲ್ಲ. "ಈ ಹಬ್ಬದ ಮಟ್ಟಿಗೆ ಸಾಕು" ಎಂದಳು. ಯಾವ ಹಬ್ಬವೆಂದು ಹೇಳಲಿಲ್ಲ.

ನಿಲ್ಲಿಸಿದರೇನಾಗುತ್ತದೆಂದು ನಾನು ವೈದ್ಯರಲ್ಲಿಗೆ ಒಬ್ಬನೇ ಹೋಗಿ ವಿಚಾರಿಸಿದೆ. ಸೆಮಾಗ್ಲುಟೈಡ್ ಎಂಬ ಇನ್ನೊಂದು ಮದ್ದಿನ ಪರೀಕ್ಷೆಯಲ್ಲಿ, ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದ ತೂಕದಲ್ಲಿ ಸರಾಸರಿ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತಂತೆ. "ಬಿ.ಪಿ. ಮಾತ್ರೆ ಬಿಟ್ಟರೆ ಬಿ.ಪಿ. ಏರುವುದಿಲ್ಲವೇ? ಇದೂ ಹಾಗೆಯೇ" ಎಂದರು. ಸೆಮಾಗ್ಲುಟೈಡ್ ಪೇಟೆಂಟಿನ ಅವಧಿ 2026ರ ಮಾರ್ಚಿಗೆ ಮುಗಿಯುತ್ತದೆ, ಬೆಲೆ ಇಳಿದರೆ ಆಗ ನೋಡೋಣ ಎಂದೂ ಹೇಳಿದರು.

ಸಂಕ್ರಾಂತಿಯ ಹಿಂದಿನ ರಾತ್ರಿ ಓದುತ್ತ ಎದ್ದಿದ್ದ ನಾನು ನೀರಿಗೆಂದು ಅಡಿಗೆಮನೆಗೆ ಹೋದೆ. ಕತ್ತಲಲ್ಲಿ ಅಮ್ಮ ಒಬ್ಬಟ್ಟಿನ ಡಬ್ಬಿಯ ಮುಂದೆ ಕುಳಿತಿದ್ದಳು. ಮುಚ್ಚಳ ತೆರೆದಿತ್ತು. ನನ್ನನ್ನು ಕಂಡು ಮುಚ್ಚಲು ಹೋಗಿ, ಮತ್ತೆ ಕೈಬಿಟ್ಟಳು.

"ಅವರು ವಾಪಸು ಬಂದರು ಕಣೋ" ಎಂದಳು.

ನಾನು ಪಕ್ಕದಲ್ಲಿ ಕುಳಿತೆ. ಅಮ್ಮ ಒಂದು ಒಬ್ಬಟ್ಟು ತೆಗೆದು, ಮುರಿದು, ಅರ್ಧ ನನಗೆ ಕೊಟ್ಟಳು.