ಮೆರೊಪೆನಮ್ ಎಲ್ಲಿ ಹೋಯಿತು?

ಬೆಳಿಗ್ಗೆ ಒಂಬತ್ತು ಗಂಟೆ. ಆಸ್ಪತ್ರೆಯ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಇನ್‌ಕ್ಯುಬೇಟರಿನ ಬಾಗಿಲು ತೆಗೆದರೆ ಬೆಚ್ಚನೆಯ ಹುಳಿವಾಸನೆ ಮುಖಕ್ಕೆ ರಾಚುತ್ತದೆ. ಹೊರಬಂದ ಪ್ಲೇಟಿನ ತುಂಬ ಐಸಿಯು ರೋಗಿಯೊಬ್ಬರ ರಕ್ತದಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ. ಮೆರೊಪೆನಮ್ ಎಂಬ ಆಂಟಿಬಯಾಟಿಕ್ ಇರುವ ಡಿಸ್ಕಿನ ಅಂಚಿನವರೆಗೂ ಅದು ಹಬ್ಬಿಕೊಂಡಿದೆ.

ಔಷಧ ಸೋತದ್ದು ಕಣ್ಣಿಗೆ ಕಾಣುತ್ತದೆ, ಸೋತದ್ದೇಕೆಂದು ಕಾಣುವುದಿಲ್ಲ. ಬ್ಯಾಕ್ಟೀರಿಯಾ ತನ್ನ ಹೊರಪೊರೆಯ ರಂಧ್ರಗಳನ್ನು ಕಡಿಮೆ ಮಾಡಿಕೊಂಡು ಔಷಧವನ್ನು ಹೊರಗೇ ನಿಲ್ಲಿಸಿರಬಹುದು. ಇಲ್ಲವೇ ಕಾರ್ಬಪೆನಮೇಸ್ ಎಂಬ ಕಿಣ್ವ ಔಷಧವನ್ನೇ ಒಡೆದು ಹಾಕಿರಬಹುದು.

ಯಾವುದೆಂದು ತಿಳಿಯಲು ಟೆಕ್ನಿಷಿಯನ್ ಎರಡು ಟ್ಯೂಬುಗಳಲ್ಲಿ ತಲಾ 2 ಮಿಲಿಲೀಟರ್ ಬ್ರಾತ್ ಹಾಕಿ ಬ್ಯಾಕ್ಟೀರಿಯಾ ಕದಡುತ್ತಾರೆ. ಒಂದಕ್ಕೆ ಮಾತ್ರ ಇಡಿಟಿಎ ಎಂಬ ರಾಸಾಯನಿಕ. ಎರಡಕ್ಕೂ 10 ಮೈಕ್ರೊಗ್ರಾಂನ ಮೆರೊಪೆನಮ್ ಡಿಸ್ಕ್ ಇಳಿಬಿಡುತ್ತಾರೆ. ಇನ್ನು 35 ಡಿಗ್ರಿಯಲ್ಲಿ ನಾಲ್ಕು ಗಂಟೆ ಕಾಯಬೇಕು.

ಫೋನ್ ರಿಂಗಾಗುತ್ತದೆ, ಐಸಿಯುನಿಂದ.

“ಮೇಡಂ, ರಿಪೋರ್ಟ್ ಬಂತಾ?”

“ನಾಳೆ ಬೆಳಿಗ್ಗೆ ಡಾಕ್ಟ್ರೇ.”

ಮಧ್ಯಾಹ್ನ ಡಿಸ್ಕುಗಳನ್ನು ಎತ್ತಿ, ಮೆರೊಪೆನಮ್‌ಗೆ ಸುಲಭವಾಗಿ ಸಾಯುವ ಇ. ಕೋಲೈ ಹರಡಿದ ಪ್ಲೇಟಿನ ಮೇಲೆ ಇಡುತ್ತಾರೆ. ಡಿಸ್ಕಿನಲ್ಲಿ ಔಷಧ ಉಳಿದಿದ್ದರೆ ಸುತ್ತ 19 ಮಿಲಿಮೀಟರಿಗೆ ಕಡಿಮೆಯಿಲ್ಲದ ಖಾಲಿ ವೃತ್ತ ಮೂಡಬೇಕು.

ಮರುದಿನ ಸ್ಕೇಲ್ ಹಿಡಿದು ನೋಡಿ. ಇಡಿಟಿಎ ಇಲ್ಲದ ಟ್ಯೂಬಿನ ಡಿಸ್ಕಿನ ಸುತ್ತ ವೃತ್ತವೇ ಇಲ್ಲ. ಅಳತೆ 6 ಮಿಲಿಮೀಟರ್, ಅಂದರೆ ಡಿಸ್ಕಿನದೇ ಅಗಲ. ಔಷಧವನ್ನು ಕಿಣ್ವ ಮುಗಿಸಿದೆ. ಇಡಿಟಿಎ ಇದ್ದ ಟ್ಯೂಬಿನ ಡಿಸ್ಕಿನ ಸುತ್ತ ಮಾತ್ರ ದೊಡ್ಡ ವೃತ್ತ. ಇಡಿಟಿಎ ಸತುವನ್ನು ಕಿತ್ತುಕೊಳ್ಳುತ್ತದೆ. ಸತುವಿಲ್ಲದೆ ಕೆಲಸ ಮಾಡಲಾರದ ಕಿಣ್ವ ಇದು. ಅನುಮಾನ ಎನ್‌ಡಿಎಂ ಕಡೆ ತಿರುಗುತ್ತದೆ. 2008ರಲ್ಲಿ ಸ್ವೀಡನ್ನಿನಲ್ಲಿ, ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಮರಳಿದ್ದ ರೋಗಿಯಲ್ಲಿ ಮೊದಲು ಪತ್ತೆಯಾದ ಕಿಣ್ವವದು. ಖಚಿತಪಡಿಸಲು ಪಿಸಿಆರ್‌ನಲ್ಲಿ ಜೀನನ್ನೇ ಹುಡುಕಬೇಕು.

ಎಲ್ಲ ಕಿಣ್ವಗಳ ಸುಳಿವೂ ಮೊದಲ ಪ್ಲೇಟಿನಲ್ಲೇ ಹೀಗೆ ಸಿಗುವುದಿಲ್ಲ. ಇಸ್ತಾಂಬುಲ್‌ನಲ್ಲಿ ಮೊದಲು ಸಿಕ್ಕ ಆಕ್ಸಾ-48 ಮೆರೊಪೆನಮನ್ನು ಬಹಳ ನಿಧಾನ ಒಡೆಯುತ್ತದೆ. ಹಾಗಾಗಿ ಮಾಮೂಲಿ ಡಿಸ್ಕ್ ಪರೀಕ್ಷೆಯಲ್ಲಿ ಔಷಧ ನಾಟುತ್ತದೆ ಎಂದೇ ಕೆಲವೊಮ್ಮೆ ವರದಿ ಬರುತ್ತದೆ.

ಕಿಣ್ವ ಇದೆ ಎಂದಷ್ಟೇ ಬರೆದರೆ ಐಸಿಯು ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ. ಕಿಣ್ವವನ್ನು ತಡೆಯುವ ಔಷಧ ಅವಿಬ್ಯಾಕ್ಟಮ್ ಆಕ್ಸಾ-48ನ್ನು, ಕೆಪಿಸಿ ಎಂಬ ಇನ್ನೊಂದು ಕಿಣ್ವವನ್ನು ತಡೆಯುತ್ತದೆ, ಎನ್‌ಡಿಎಂ ಅನ್ನು ತಡೆಯದು. ಎನ್‌ಡಿಎಂ ಇದ್ದರೆ ಅವಿಬ್ಯಾಕ್ಟಮ್ ಜೊತೆಗೆ ಅಜ್ಟ್ರಿಯೊನಮ್ ಎಂಬ ಆಂಟಿಬಯಾಟಿಕ್ ಬೇಕು. ಆದ್ದರಿಂದ ವರದಿಯಲ್ಲಿ ಕಿಣ್ವದ ಹೆಸರೂ ಇರಲೇಬೇಕು, ಅದೂ ರೋಗಿಗೆ ಇನ್ನೂ ಸಮಯ ಇರುವಾಗಲೇ.